ಮರುಳಪ್ಪನ ಬಟ್ಟೆಗತ್ತರಿ ಕಾಗದ ಕಂಡ ಕಥೆ

ಸ್ವಸ್ತಿ. ಶಾಲೆಗಳ ಮಹಾದ್ವಾರಗಳು ತೆರೆದು ಪಕ್ಷವೊಂದು ಕಳೆದಿದ್ದ ಜ್ಯೇಷ್ಠಮಾಸದಲ್ಲಿ, ಹಗಲಿರುಳೂ ರೈಲುಗಳು ಕೂಗುವ ಅರಸೀಕೆರೆಯೆಂಬ ಪಟ್ಟಣದಲ್ಲಿ, ನೀಲಿಬಿಳಿ ಸಮವಸ್ತ್ರಗಳ ಮಹಾರ್ಣವವನ್ನು ಒಂದೇ ಒಂದು ಹೊಲಿಗೆ ಮಿಷನ್ನಿನ ನಾವೆಯಲ್ಲಿ ದಾಟಲೆಳಸಿದ್ದ, ಸೂಚೀಮುಖಸಹಸ್ರಕ್ಷತಾಂಗುಲಿಯೂ ಕಂಠಾವಲಂಬಿತಮಾಪನಸೂತ್ರನೂ ಗುಂಡಿಕಾಜಾಧುರಂಧರನೂ ಆದ ಮರುಳಪ್ಪನೆಂಬ ದರ್ಜಿಯು ಬಾಳುತ್ತಿದ್ದನು. ಓದುವ ಮಹನೀಯರೇ, ಅವನ ಪ್ರತಿಜ್ಞಾಭಂಗದ ಕಥೆಗೆ ಕಿವಿಗೊಡಿ.

ಅವನ ಆಯುಧವು ಹನ್ನೆರಡು ಅಂಗುಲದ ಉಕ್ಕಿನ ಕತ್ತರಿ. ಇಪ್ಪತ್ತೆರಡು ವರ್ಷಗಳ ಹಿಂದೆ ಕೆಲಸ ಕಲಿಸಿದ ಗುರುವು ಅದನ್ನು ಅವನ ಕೈಗಿಟ್ಟು ಉಪದೇಶಿಸಿದ್ದು ಒಂದೇ ಮಾತು: "ಬಟ್ಟೆ ಬಿಟ್ಟು ಇನ್ನೇನನ್ನೂ ಕತ್ತರಿಸಬೇಡ. ಕಾಗದ ಮುಟ್ಟಿಸಿದ್ಯೋ, ಇದರ ಬಾಯಿ ಸತ್ತಂಗೆ." ಅಂದಿನಿಂದ ಮರುಳಪ್ಪನು ಅದನ್ನು ಏಕವಸ್ತ್ರವ್ರತದಲ್ಲಿ ಕಾಪಾಡಿಕೊಂಡು ಬಂದಿದ್ದನು. ದಿನವೂ ಬೆಳಿಗ್ಗೆ ಅದು ಮಳೆಯಲ್ಲಿ ಮಿಂದಂತೆ ಥಳಥಳಿಸುವುದನ್ನು ಕಂಡು, ಗುರುವಿನ ಕೃಪೆಯೇ ಇದು ಎಂದು ಕೈಮುಗಿಯುತ್ತಿದ್ದನು.

ಒಂದು ಭಾನುವಾರ ಮಧ್ಯಾಹ್ನ, ಮುದ್ದೆಯುಂಡ ವೀರನು ಲಂಗಗಳ ಗಿರಿಶಿಖರದೆದುರು ಕುಳಿತಿರಲು, ಅವನ ಮಗಳಾದ ಸಿಂಚನ ಎಂಬ ಒಂಬತ್ತನೆಯ ತರಗತಿಯ ವೀರಾಂಗನೆಯು ನೆಲದ ಮೇಲೆ ಚಾರ್ಟ್ ಪೇಪರಿನ ರಣಾಂಗಣವನ್ನು ಹರಡಿಕೊಂಡು ಹತಾಶಳಾಗಿದ್ದಳು. ಅವಳ ವೈರಿಯು ಕನ್ನಡ ಮಿಸ್ ಕೊಟ್ಟ ಪ್ರಾಜೆಕ್ಟು: ಶಾಲೆಯ ಲೈಬ್ರರಿಯಿಂದ ಒಂದು ಕಿಶೋರ ಕಾದಂಬರಿಯನ್ನು ಓದಿ, ಮುಖ್ಯಪಾತ್ರಗಳು ಹೇಗೆ ಬೆಳೆಯುತ್ತವೆಂದು ಮರುದಿನ ಮೊದಲ ಪಿರಿಯಡ್ಡಿನಲ್ಲಿ ತರಗತಿಯೆದುರು ನಿಂತು ವಿವರಿಸಬೇಕು. ಹಿಂದಿನ ಸಲ ಅವಳು ಮೇಲಿನ ತರಗತಿಯವರ ಪ್ರಾಜೆಕ್ಟನ್ನೇ ನಕಲು ಮಾಡಿದ್ದಳು. ಮಿಸ್ ಎರಡನ್ನೂ ಅಕ್ಕಪಕ್ಕ ಹಿಡಿದು ಗಟ್ಟಿಯಾಗಿ ಓದಿದ್ದರು. ನಲವತ್ತು ಹುಡುಗಿಯರು ನಕ್ಕ ಆ ನಗೆಯಿಂದ ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

"ಅಪ್ಪಾಜಿ, ಈ ತುಂಗಾ ಹದಿನೇಳನೇ ಅಧ್ಯಾಯದವರೆಗೂ ಬಾಯೇ ಬಿಡಲ್ಲ. ಹದಿನೆಂಟರಲ್ಲಿ ನಡುರಸ್ತೇಲಿ ನಿಂತು ಬಸ್ಸು ತಡೀತಾಳೆ. ಧೈರ್ಯ ಎಲ್ಲಿಂದ ಬಂತು ಅಂತ ಬರೀಲಿ? ಸುಮ್ನೆ ಬಂತು ಅಂದ್ರೆ ಮಿಸ್ ಸೊನ್ನೆ ಕೊಡ್ತಾರೆ."

ದಂತಪಂಕ್ತಿಯ ನಡುವೆ ಮೂರು ಪಿನ್ನುಗಳನ್ನು ಧರಿಸಿದ್ದ ಮರುಳಪ್ಪನು ಅವನ್ನು ತೆಗೆದು ನುಡಿದನು. "ಮೊದಲ್ನೇ ಅಧ್ಯಾಯದಲ್ಲಿ ಒಳಗೆ ಎಷ್ಟು ಬಟ್ಟೆ ಬಿಟ್ಟಿದಾರೆ ನೋಡು."

"ಅಪ್ಪಾಜಿ, ಇದು ಕಾದಂಬರಿ."

"ಇರ್ಲಿ ಬಾ." ಅವನು ಒಂದು ಲಂಗದ ಅಂಚನ್ನು ತಿರುವಿ ಹಿಡಿದನು. "ಹುಡುಗಿ ಬೆಳೀತಾಳೆ ಅಂತ ಗೊತ್ತಿದ್ದೇ ಹೊಲಿಯೋದು. ಎರಡಿಂಚು ಒಳಗೆ ಮಡಿಚಿಟ್ಟಿರ್ತೀವಿ. ಮುಂದಿನ ವರ್ಷ ಹೊಲಿಗೆ ಬಿಚ್ಚಿದ್ರೆ ಲಂಗ ಉದ್ದ ಆಗುತ್ತೆ. ಬಟ್ಟೆ ಹೊಸದಾಗಿ ಬಂದಿದ್ದಲ್ಲ, ಒಳಗೇ ಇತ್ತು. ನಿಮ್ಮ ತುಂಗಂಗೂ ಎಲ್ಲೋ ಮಡಿಚಿಟ್ಟಿರ್ತಾರೆ, ಹುಡುಕು."

ಸಿಂಚನ ಪುಟಗಳನ್ನು ಹಿಂದಕ್ಕೆ ಮಗುಚಿದಳು. ಎರಡನೆಯ ಅಧ್ಯಾಯದಲ್ಲಿ ಅವಳ ಬೆರಳು ನಿಂತಿತು. "ಇಲ್ಲಿದೆ. ಯಾರೂ ಇಲ್ದಾಗ ಎಮ್ಮೆಗೆ ಬೈತಾಳೆ. ಕೆರೆ ಆಚೆ ದಡಕ್ಕೂ ಕೇಳೋ ಹಂಗೆ."

"ಅದೇ ಎರಡಿಂಚು."

"ಮತ್ತೆ ಭರಮ? ಪುಸ್ತಕ ಪೂರ್ತಿ ಜಂಬ ಕೊಚ್ಕೊಂಡು, ಕೊನೇಲಿ ಸುಮ್ನಾಗ್ತಾನೆ."

"ಅದು ಆಲ್ಟ್ರೇಶನ್. ಲೂಸಿದ್ದದ್ದನ್ನ ಹಿಡಿಯೋದು."

ಆಗ ಆ ಬಾಲೆಯ ಮಸ್ತಕದಲ್ಲಿ ಮಹಾಸಂಕಲ್ಪವೊಂದು ಉದಯಿಸಿತು. ಚಾರ್ಟ್ ಪೇಪರಿನಲ್ಲೇ ತುಂಗಾಳಿಗೊಂದು ಲಂಗ, ಭರಮನಿಗೊಂದು ದೊಗಳೆ ಅಂಗಿ. ಎಲ್ಲರೆದುರು ಒಂದರ ಮಡಿಕೆ ಬಿಚ್ಚುವುದು, ಇನ್ನೊಂದರ ಬದಿ ಹಿಡಿಯುವುದು. ಆದರೆ ದಪ್ಪ ಕಾಗದವನ್ನು ನೇರವಾಗಿ ಕತ್ತರಿಸುವುದೆಂತು? ಮನೆಯ ಸಣ್ಣ ಕತ್ತರಿಯು ನಡುವಿನ ತಿರುಪು ಬಿದ್ದುಹೋಗಿ, ಜಗಳವಾಡಿದ ದಂಪತಿಗಳಂತೆ ಎರಡು ಹೋಳಾಗಿ ಮಲಗಿತ್ತು. ಅವಳ ದೃಷ್ಟಿಯು ಮೆಲ್ಲಮೆಲ್ಲನೆ ಹನ್ನೆರಡಂಗುಲದ ಉಕ್ಕಿನ ಮೇಲೆ ನೆಟ್ಟಿತು.

ಮರುಳಪ್ಪನು ಎದ್ದು ನಿಂತನು. ಕೊರಳ ಟೇಪು ಭುಜಂಗದಂತೆ ತೂಗಿತು. "ಕೇಳು ಮಗಳೇ," ಎಂದು ಗರ್ಜಿಸಿದನು, "ಈ ಕತ್ತರಿ ನೋಡಿದ ಬಟ್ಟೆ ಎಷ್ಟು ಗೊತ್ತಾ? ಹಾಸ್ಕೊಂಡು ಹೋದ್ರೆ ಬಾಣಾವರದ ತನಕ ಹೋಗುತ್ತೆ. ಮದುವೆ ಗಂಡುಗಳ ಕೋಟು ಕಂಡಿದೆ, ಸ್ಟೇಷನ್ ಮಾಸ್ಟರ ಪ್ಯಾಂಟು ಕಂಡಿದೆ. ಕಾಗದ ಕಂಡಿಲ್ಲ. ಲಂಕೆ ಸುಡ್ಲಿ, ಕುರುಕ್ಷೇತ್ರ ಮತ್ತೆ ನಡೀಲಿ, ನಾನಿರೋ ತನಕ ಕಾಣೋದೂ ಇಲ್ಲ. ನಾಳೆ ನಲವತ್ತು ಲಂಗ ಕತ್ತರಿಸ್ಬೇಕು, ಬಾಯಿ ಸತ್ರೆ ನಾನು ಹಲ್ಲಲ್ಲಿ ಹರಿಯೋದಾ?"

ಸಿಂಚನ ಎದ್ದೇಳಲಿಲ್ಲ. ಕುಳಿತಲ್ಲಿಂದಲೇ ಬಾಣ ಬಿಟ್ಟಳು.

"ಭರಮನಾದ್ರೂ ಹದಿನೆಂಟು ಅಧ್ಯಾಯಕ್ಕೆ ಬದಲಾದ. ನೀನು ಇಪ್ಪತ್ತೆರಡು ವರ್ಷದಿಂದ ಮೊದಲ್ನೇ ಅಧ್ಯಾಯದಲ್ಲೇ ಇದೀಯ ಅಪ್ಪಾಜಿ."

ಆ ಬಾಣವು ಅಂಗಿಯನ್ನು ಭೇದಿಸಿ, ಬನಿಯನ್ನನ್ನು ಭೇದಿಸಿ, ಒಳಗೆಲ್ಲೋ ಮಡಿಚಿಟ್ಟ ಜಾಗಕ್ಕೆ ತಗುಲಿತು. ಅವನಿಗೆ ಮಗಳು ತಟ್ಟೆ ಸರಿಸಿ ಎದ್ದುಹೋದ ಆ ದಿನ ನೆನಪಾಯಿತು. ನಲವತ್ತು ಲಂಗಗಳು ಒಂದು ಕಡೆ, ನಲವತ್ತು ಹುಡುಗಿಯರ ನಗೆ ಇನ್ನೊಂದು ಕಡೆ. ಬಳಿಕ ಗುರುವನ್ನು ಮನದಲ್ಲೇ ಕ್ಷಮೆ ಕೇಳಿ, ಸೀಮೆಸುಣ್ಣದಿಂದ ಗೆರೆಯೆಳೆದು, "ಸರಿ, ಕಾಗದ ಬಿಗಿಯಾಗಿ ಹಿಡ್ಕೊ" ಎಂದನು.

ದಿಕ್ಕುಗಳು ಸ್ತಬ್ಧವಾದವು. ದೂರದ ಯಾರ್ಡಿನಲ್ಲಿ ಗೂಡ್ಸ್ ಗಾಡಿಯೊಂದು ದೀರ್ಘವಾಗಿ ಕೂಗಿತು. ಕರ್‍ರನೆ ಕಾಗದ ಸೀಳಿತು.

ಅಷ್ಟರಲ್ಲಿ ಅವನ ಹೆಂಡತಿ ಲತಾಮಣಿಯು ಕಾಫಿ ಹಿಡಿದು ಬಂದು, ಗಂಡನ ಒದ್ದೆಯಾದ ಕಣ್ಣನ್ನು ಕಂಡಳು. "ಏನ್ರೀ ಆಯ್ತು?"

"ಕಾಗದ ಕತ್ತರಿಸ್ಬಿಟ್ಟೆ ಕಣೆ. ಇನ್ನಿದರ ಬಾಯಿ ಸತ್ತಂಗೆ."

"ಸಾಯೋದಿದ್ರೆ ಯಾವತ್ತೋ ಸಾಯ್ತಿತ್ತು. ಹನ್ನೊಂದು ವರ್ಷದಿಂದ ಹಾಲಿನ ಪ್ಯಾಕೆಟ್ಟು ಯಾವುದ್ರಲ್ಲಿ ಕತ್ತರಿಸ್ತಿದೀನಿ ಅಂದ್ಕೊಂಡ್ರಿ?"

"ನನ್ನ ಕತ್ತರೀಲಾ?"

"ದಿನಾ ತೊಳೆದು ಒರೆಸಿ ಇಡ್ತೀನಲ್ಲ."

ಮಹಾವೀರನು ಕಾಫಿಯ ಲೋಟವನ್ನು ಹಿಡಿದು ಸ್ಟೂಲಿನ ಮೇಲೆ ಕುಸಿದನು. ಹನ್ನೊಂದು ವರ್ಷಗಳ ಪ್ರಾತಃಕಾಲದ ಆ ಥಳಥಳ ಅವನ ಕಣ್ಣ ಮುಂದೆ ಹಾದುಹೋಯಿತು. ಸಿಂಚನ ಚಾರ್ಟಿನ ಹಿಂದೆ ಮುಖ ಮುಚ್ಚಿಕೊಂಡು, "ಅಮ್ಮ ಎಷ್ಟಿಂಚು ಮಡಿಚಿಟ್ಟಿದ್ಳು ನೋಡು ಅಪ್ಪಾಜಿ" ಎಂದಳು.

ಸೋಮವಾರ ತರಗತಿಯಲ್ಲಿ ಮಡಿಕೆ ಬಿಚ್ಚಿತು. ತುಂಗಾ ಎಮ್ಮೆಗೆ ಬೈದದ್ದನ್ನು ಸಿಂಚನ ಬೈದೇ ತೋರಿಸಿದ್ದರಿಂದ ನಲವತ್ತು ಹುಡುಗಿಯರು ಮತ್ತೆ ನಕ್ಕರು. ಈ ಸಲ ಅವಳೂ ನಕ್ಕಳು. ಹತ್ತಕ್ಕೆ ಎಂಟು ಬಂದಿತು. ಭರಮನ ಅಂಗಿಗೆ ಗುಂಡಿಯ ಚಿತ್ರ ಬರೆದಿಲ್ಲವೆಂದು ಎರಡು ಅಂಕ ಹೋಯಿತು. ಈ ಅಪಮಾನವನ್ನು ಮರುಳಪ್ಪನು ಇಂದಿಗೂ ಮರೆತಿಲ್ಲ.

ಮಂಗಳವಾರ ಬೆಳಿಗ್ಗೆ ಲತಾಮಣಿ ಒದ್ದೆ ಹಾಲಿನ ಪ್ಯಾಕೆಟ್ಟನ್ನು ಮಿಷನ್ನಿನ ಬಳಿ ಚಾಚಿದಳು. "ಹೆಂಗೂ ಕೈಲೇ ಇದೆಯಲ್ಲ, ನೀವೇ ಕತ್ತರಿಸ್ಕೊಡಿ."

ಸೂಚೀಮುಖಸಹಸ್ರಕ್ಷತಾಂಗುಲಿಯು ಹನ್ನೆರಡಂಗುಲದ ಕತ್ತರಿಯನ್ನೆತ್ತಿದನು. ಕೊರಳ ಟೇಪಿನಿಂದ ಅಳೆದನು. ಪ್ಯಾಕೆಟ್ಟಿನ ಮೂಲೆಯನ್ನು, ಕಾಲಿಂಚು, ಕತ್ತರಿಸಿಕೊಟ್ಟನು.