ಕಾಲು ಒತ್ತುವ ಯಂತ್ರಕ್ಕೆ ನಾನು ಕೂತ ಕಾವಲು

ವಸ್ತುಗಳನ್ನು ಜೋಪಾನ ಮಾಡುವುದರಲ್ಲಿ ಇಡೀ ಗಜೇಂದ್ರಗಡದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ನರೇಗಲ್ಲಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪ್ರಯೋಗಾಲಯದ ಸಹಾಯಕನಾಗಿದ್ದೆ. ಅಷ್ಟೂ ವರ್ಷದಲ್ಲಿ ಒಂದೇ ಒಂದು ಗಾಜಿನ ನಳಿಕೆ ಒಡೆಯಲಿಲ್ಲ. ವಿದ್ಯಾರ್ಥಿಗಳ ಕೈಗೆ ಕೊಟ್ಟಿದ್ದರೆ ತಾನೇ ಒಡೆಯುವುದು?

ನನ್ನ ಹೆಂಡತಿ ಶಾಂತವ್ವ ಸೀರೆ ನೇಯುವವಳು. ಕಳೆದ ವರ್ಷ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಗೆ ಇಳಿಯುವಾಗ ಜಾರಿ, ಮೊಣಕಾಲು ತಿರುಚಿ, ಗದಗಿನ ದವಾಖಾನೆಯಲ್ಲಿ ಆಪರೇಷನ್ ಆಯಿತು. ಬಾವು ಮಾತ್ರ ಇಳಿಯಲಿಲ್ಲ. ಡಾಕ್ಟರು ಒಂದು ಯಂತ್ರ ಬರೆದುಕೊಟ್ಟರು. ಒಂದು ಪೆಟ್ಟಿಗೆ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಕಾಲಿಗೆ ತೊಡುವ ಉದ್ದನೆಯ ಚೀಲ. ಗುಂಡಿ ಒತ್ತಿದರೆ ಚೀಲಕ್ಕೆ ಗಾಳಿ ತುಂಬಿ ಕಾಲನ್ನು ಮೆಲ್ಲಗೆ ಹಿಂಡುತ್ತದೆ, ಬಿಡುತ್ತದೆ. ಮುಂಜಾನೆ ಸಂಜೆ ಅರ್ಧ ಅರ್ಧ ತಾಸು. ಬಾವು ಇಳಿದು ಮೊಣಕಾಲು ಸರಿಯಾಗಿ ಮಡಚಿದರೆ ಮಾತ್ರ ಮತ್ತೆ ಮಗ್ಗಕ್ಕೆ ಕೂರಬಹುದು ಎಂದರು. ಮದುವೆಯಾದಾಗಿನಿಂದ ಲಾಳಿಯ ಸದ್ದು ಬಿಟ್ಟಿರದವಳು ಗೋಡೆ ನೋಡುತ್ತ ಕೂತಿದ್ದನ್ನು ನನ್ನಿಂದಲೂ ನೋಡಲಾಗುತ್ತಿರಲಿಲ್ಲ.

ಯಂತ್ರ ಜೋಡಿಸಲು ರೋಣದಿಂದ ಮಹಾಂತೇಶ ಎಂಬ ಮೆಕ್ಯಾನಿಕ್ ಬಂದ. "ಚಲೋತಂಗ ಇಟ್ಕೊಂಡ್ರ ಹತ್ತ ವರ್ಷ ಬಾಳಿಕಿ ಬರ್ತೈತ್ರಿ ಸರ್" ಎಂದ. ಹೇಗೆ ಇಟ್ಟುಕೊಳ್ಳಬೇಕು ಎಂದು ಮುಂದೆ ಹೇಳುತ್ತಿದ್ದನಂತೆ. ಅಷ್ಟರಲ್ಲಿ ನಾನು ಅದಕ್ಕೆ ಹೊದಿಸಲು ಚಾದರ ತರಲು ಒಳಗೆ ಹೋಗಿದ್ದೆ.

ಆ ವಾರವೇ ಪೆಟ್ಟಿಗೆಗೆ ದಪ್ಪ ಅರಿವೆಯ ಗವಸು ಹೊಲಿಸಿದೆ. ಕೊಳವೆಯನ್ನು ನಾಲ್ಕು ಮಡಿಕೆ ಮಾಡಿ ದಾರದಿಂದ ಬಿಗಿದೆ. ಚೀಲವನ್ನು ಇಸ್ತ್ರಿ ಮಾಡಿದ ಧೋತರದಂತೆ ಮಡಚಿ ಟ್ರಂಕಿನ ಕೆಳಗಿಟ್ಟೆ. ಶಾಂತವ್ವ ಕೇಳಿದಾಗ, ಗವಸೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿ, ಒರೆಸಿ, ಜೋಡಿಸುವುದಕ್ಕೆ ಮುಕ್ಕಾಲು ತಾಸು. "ಇವತ್ತು ಬಾವು ಅಷ್ಟೇನು ಕಾಣವಲ್ದಲ್ಲ, ಸುಮ್ನ ಯಾಕ ಸವಸೂದು?" ಎಂದೂ ಒಮ್ಮೊಮ್ಮೆ ಸಲಹೆ ಕೊಡುತ್ತಿದ್ದೆ. ಬರಬರುತ್ತ ಅವಳು ಕೇಳುವುದನ್ನೇ ಬಿಟ್ಟಳು. ಬಹುಶಃ ನನ್ನ ದೂರದೃಷ್ಟಿ ಅವಳಿಗೂ ಅರ್ಥವಾಯಿತು ಎಂದುಕೊಂಡೆ.

ತಿಂಗಳು ಕಳೆದ ಮೇಲೆ ಒಂದು ದಿನ ಪರೀಕ್ಷೆಗೆಂದು ಹಚ್ಚಿ ನೋಡಿದರೆ ಚೀಲ ಅರ್ಧಕ್ಕೇ ಉಬ್ಬಿ ನಿಂತಿತು. ಪೆಟ್ಟಿಗೆ ಗೊರಕೆ ಹೊಡೆಯಿತು. ಇಷ್ಟು ಜೋಪಾನ ಮಾಡಿದ ವಸ್ತು ಕೆಡಬೇಕಾದರೆ ಕಾರಣ ಒಂದೇ. ನಾನಿಲ್ಲದಾಗ ಯಾರೋ ಕದ್ದು ಬಳಸುತ್ತಿದ್ದಾರೆ.

ಸಂಶಯ ನೇರವಾಗಿ ಪಕ್ಕದ ಮನೆಯ ನೀಲವ್ವನ ಮೇಲೆ ಹೋಯಿತು. ಆಕೆಯೂ ನೇಕಾರಳು. ಮೊನ್ನೆಮೊನ್ನೆಯವರೆಗೆ ಪಾದ ಬಾತು, ಗೋಡೆ ಹಿಡಿದು ನಡೆಯುತ್ತಿದ್ದವಳು ಈಗ ಓಣಿಯಲ್ಲಿ ಸರಸರ ಓಡಾಡುತ್ತಿದ್ದಳು. ನಾನು ಪೇಟೆಯಿಂದ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲಿಂದ ಹೊರಗೆ ಬರುತ್ತಿದ್ದಳು. ನನ್ನನ್ನು ಕಂಡರೆ ಒಳಗಿನ ನಗು ನಿಲ್ಲುತ್ತಿತ್ತು. ಸಾಲದ್ದಕ್ಕೆ ಚೀಲದ ಅಂಟುಪಟ್ಟಿಯಲ್ಲಿ ಒಂದು ಕೆಂಪು ರೇಷ್ಮೆ ಎಳೆ ಸಿಕ್ಕಿತು. ನಮ್ಮ ಮನೆಯಲ್ಲೂ ಮಗ್ಗವಿದೆ, ಎಳೆಗಳಿಗೇನು ಬರ ಎಂಬ ವಿಚಾರ ಸಂಶಯದ ಮನುಷ್ಯನಿಗೆ ಹೊಳೆಯುವುದಿಲ್ಲ.

"ನಾ ಇಲ್ಲದಾಗ ಮಷಿನ್ ಯಾರರ ಮುಟ್ಟತಾರೇನು?" ಎಂದು ಶಾಂತವ್ವನನ್ನು ಕೇಳಿದೆ.

"ನೀವಿದ್ದಾಗ ನನಗ ಮುಟ್ಟಾಕ ಬಿಡಂಗಿಲ್ಲ. ನೀವಿಲ್ಲದಾಗ ನೀವ ಹಾಕಿದ ಗಂಟ ನನಗ ಬಿಚ್ಚಾಕ ಬರಂಗಿಲ್ಲ."

ಇದು ನಾನು ಕೇಳಿದ ಪ್ರಶ್ನೆಗೆ ನೇರ ಉತ್ತರವಲ್ಲ ಎಂಬುದನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಮರುದಿನ ಪೇಟೆಗೆ ಹೋಗುವ ಮುಂಚೆ ಯಂತ್ರದ ಸುತ್ತ ನೆಲಕ್ಕೆ ವಿಭೂತಿ ಪುಡಿ ತೆಳ್ಳಗೆ ಉದುರಿಸಿದೆ. ಎಲ್ಲ ಕಡೆ ಸಮನಾಗಿ ಬಿದ್ದಿದೆಯೇ ಎಂದು ಹತ್ತಿರ ಹೋಗಿ ಒಮ್ಮೆ ನೋಡಿಯೂ ನೋಡಿದೆ. ತಾಸಿನ ನಂತರ ಮರಳಿ ಬಂದರೆ, ಎರಡು ಹೆಜ್ಜೆಗಳು! ಸ್ಪಷ್ಟವಾಗಿ ಮೂಡಿದ್ದವು. ದಾರದಿಂದ ಅಳತೆ ತೆಗೆದುಕೊಂಡು ನೀಲವ್ವನ ಮನೆಗೆ ನಡೆದೆ. ಆಕೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಪಕ್ಕದಲ್ಲಿ ಆಕೆಯ ಅತ್ತೆ ನೂಲು ಸುತ್ತುತ್ತಿದ್ದಳು.

"ನೀಲವ್ವ, ಕಾಲು ಸ್ವಲ್ಪ ಹೊರಗ ತಗೀತೀರೇನು? ಅಳತಿ ಬೇಕಿತ್ತು."

ಲಾಳಿ ನಿಂತಿತು. "ಯಾಕ್ರಿ ಅಣ್ಣಾರ, ಚಪ್ಪಲಿ ಕೊಡಸಾವ್ರೇನು?"

ಅತ್ತೆ ನೂಲು ಬಿಟ್ಟು ನನ್ನನ್ನೇ ನೋಡತೊಡಗಿದಳು. ನಾನು ಬೆವರುತ್ತ ಕಳವಿನ ವಿಷಯ ಹೇಳಿದೆ. ನೀಲವ್ವ ಎದ್ದು ನಮ್ಮ ಮನೆಗೆ ಬಂದಳು, ಹೆಜ್ಜೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಅಂಗಾಲ ಒಂದೀಟು ನೋಡ್ಕೋರಿ."

ಬೆಳ್ಳಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಮಾನ ಮಾತ್ರ ಹೋಗುತ್ತಿತ್ತು. ಆ ಸಂಜೆ ಪಶ್ಚಾತ್ತಾಪದಿಂದ ನಾನೇ ಮುಂದಾಗಿ ಶಾಂತವ್ವನ ಕಾಲಿಗೆ ಯಂತ್ರ ಹಚ್ಚಿದೆ. ನೆಲದ ವಿಭೂತಿ ಗುಡಿಸಿರಲಿಲ್ಲ. ಪೆಟ್ಟಿಗೆ ಅದನ್ನು ಭಕ್ತಿಯಿಂದ ಒಳಗೆ ಎಳೆದುಕೊಂಡು ಕೆಮ್ಮತೊಡಗಿತು. ಹಿಂಬದಿಯ ಪುಟ್ಟ ಮುಚ್ಚಳ ತೆಗೆದರೆ ಒಳಗೊಂದು ಸ್ಪಂಜಿನ ತುಂಡು, ಪೂರಾ ಬೂದಿ. ಸಾಬೂನು ಹಚ್ಚಿ ತೊಳೆದು ಹಸಿಯಾಗಿಯೇ ಹಾಕಿ ಗುಂಡಿ ಒತ್ತಿದೆ. ಯಂತ್ರ ಒಂದು ಗುಟುಕು ನೀರು ಕುಡಿದಂತೆ ಸದ್ದು ಮಾಡಿ ಸುಮ್ಮನಾಯಿತು. ಗದಗಿನ ತಪಾಸಣೆಗೆ ಉಳಿದದ್ದು ನಾಲ್ಕೇ ದಿನ.

ಶಾಂತವ್ವ ಬೈಯಲಿಲ್ಲ. ಹಾಗಾಗಿ ಇನ್ನಷ್ಟು ಹೆದರಿದೆ.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರೋಣಕ್ಕೆ ಹೋದೆ. ಮಹಾಂತೇಶ ಬಿಚ್ಚಿ ನೋಡಿ ಕೇಳಿದ, "ಇದನ್ನ ದೇವರ ಜಗಲಿ ಮ್ಯಾಲೆ ಇಟ್ಟು ಪೂಜಾ ಮಾಡ್ತಿದ್ರೇನ್ರಿ ಸರ್?"

ನಾನು ದನಿ ತಗ್ಗಿಸಿ ನನ್ನ ಸಂಶಯ ಹೇಳಿದೆ. ಆತ ಏನೋ ವೈರು ಜೋಡಿಸಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ತಂದಾಗಿನಿಂದ ಯಂತ್ರ ಓಡಿದ್ದು ಒಟ್ಟು ಏಳು ತಾಸು.

"ಯಾರೂ ಕದ್ದು ಬಳಸಿಲ್ರಿ ಸರ್. ನೀವರ ಬಳಸಬೇಕಿತ್ತು."

ಮಡಚಿದ ಗೆರೆಯಲ್ಲೇ ಚೀಲ ಸೀಳಿತ್ತು. ದಾರ ಬಿಗಿದಲ್ಲೇ ಕೊಳವೆ ಚಪ್ಪಟೆಯಾಗಿತ್ತು. ಗವಸು ತೊಡಿಸಿಯೇ ಓಡಿಸಿದ್ದರಿಂದ ಒಳಗೆಲ್ಲ ಕಾದು ಮೆತ್ತಗಾಗಿತ್ತು. ಸವೆದದ್ದು ಎಂಬುದು ಒಂದೂ ಇರಲಿಲ್ಲ. ರಿಪೇರಿಗೆ ಎಂಟು ದಿನ ಬೇಕೆಂದ.

ತಪಾಸಣೆಯ ದಿನ ಡಾಕ್ಟರ ಎದುರು ನಾನು ತಲೆ ಎತ್ತಲಿಲ್ಲ. ಅವರು ಶಾಂತವ್ವನ ಮೊಣಕಾಲು ಮಡಚಿದರು, ಚಾಚಿದರು. "ಭಾಳ ಚಲೋ ಆಗೇತಿ. ಬಾವು ಮುಕ್ಕಾಲು ಇಳದೈತಿ. ಇನ್ನೊಂದ ತಿಂಗಳು ಮಷಿನ್ ಹಚ್ಚಿ, ಆಮ್ಯಾಲೆ ಮಗ್ಗಕ್ಕ ಕೂಡ್ರಿ" ಎಂದರು.

ಹೊರಗೆ ಬಂದ ಮೇಲೆ ಕೇಳಿದೆ, "ಇದು ಹ್ಯಾಂಗಾತು?"

"ನೀವು ಪ್ಯಾಟಿಗೆ ಹೋದ ಕೂಡ್ಲೆ ನೀಲವ್ವ ಬರತಿದ್ಲು. ಬಿಸಿ ಅರವಿ ಇಟ್ಟು, ಡಾಕ್ಟರು ಹೇಳಿದ್ಹಂಗ ಕಾಲು ಮಡಚಿಸಿ, ಹಿತ್ತಲದಾಗ ಇಬ್ಬರೂ ಅಡ್ಡಾಡ್ತಿದ್ವಿ. ಅಕಿ ಕಾಲೂ ಹಗುರಾದ್ವು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಕಾಲಿಗೂ ಒಂದು ಗವಸ ಹೊಲಸ್ತಿದ್ರಿ."

ಕಳ್ಳಿಯೆಂದು ನಾನು ಅಳೆಯಲು ಹೋಗಿದ್ದು ಅಂಥವಳ ಕಾಲುಗಳನ್ನು. ಊರಿಗೆ ಬಂದವನೇ ನೀಲವ್ವನ ಮನೆಗೆ ಹೋಗಿ ತಪ್ಪಾಯಿತೆಂದೆ. ಆಕೆ ಚಹಾ ಕೊಟ್ಟಳು. ಆಕೆಯ ಅತ್ತೆ ಮಾತ್ರ ನಾನು ಕುಳಿತಿರುವಷ್ಟು ಹೊತ್ತೂ ತನ್ನ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದಳು.

ರಿಪೇರಿಯಾದ ಯಂತ್ರವನ್ನು ಮಹಾಂತೇಶ ತಾನೇ ತಂದ. ಈ ಸಲ ನನ್ನ ಕಡೆ ನೋಡದೆ ಶಾಂತವ್ವನಿಗೆ ಹೇಳತೊಡಗಿದ. ಅವಳು ನನ್ನ ಕೈಗೆ ಹಾಳೆ ಕೊಟ್ಟು ಬರೆದುಕೊಳ್ಳಲು ಹೇಳಿದಳು. ಬರೆದೆ. ಒಣ ಅರಿವೆಯಿಂದ ಒರೆಸುವುದು. ಓಡುವಾಗ ಏನನ್ನೂ ಮುಚ್ಚದಿರುವುದು. ಕೊಳವೆ, ಚೀಲ ಮಡಚದೆ ಸಡಿಲವಾಗಿ ಸುತ್ತಿಡುವುದು. ದಿನಕ್ಕೆ ಎರಡು ಸಲ ತಪ್ಪದೆ ಬಳಸುವುದು.

ಆತ ಈಗ ನನ್ನ ಕಡೆ ಒಮ್ಮೆ ನೋಡಿ ಅವಳನ್ನು ಕೇಳಿದ, "ಇನ್ನೊಂದೈತ್ರಿ ಅವ್ವಾರ. ಹೇಳ್ಲೇನು?"

"ಹೇಳ್ರಿ, ಬರಕೋತಾರ."

ಅದನ್ನೂ ಬರೆದೆ. ಈಗ ಆ ಹಾಳೆ ಯಂತ್ರದ ಮೇಲಿನ ಗೋಡೆಗೆ ಅಂಟಿದೆ. ಐದನೆಯ ಸಾಲು: ಯಜಮಾನರನ್ನು ಮೂರು ಮೊಳ ದೂರ ಇಡುವುದು. ಅಕ್ಷರ ಭಾಳ ಚೆಂದ ಅದಾವ ಎಂದು ನೀಲವ್ವ ಹೊಗಳಿದಳು.