ಕಮಲಾಪುರದ ಹದಿಮೂರು

ಜಂಬ ಒಳ್ಳೆಯದಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರಿಗೆ ಜಂಬಪಡಲು ಏನೂ ಇರುವುದಿಲ್ಲ ಎಂಬುದು ನನ್ನ ಅನುಮಾನ. ನನಗಂತೂ ಇದೆ. ಕಲಬುರಗಿಯ ಒಂದು ಬೇಳೆ ಗಿರಣಿಯಲ್ಲಿ ಯಂತ್ರಗಳ ಉಸ್ತುವಾರಿ ನೋಡುವ ಇಂಜಿನಿಯರ್ ನಾನು. ಜನ್ಮದಲ್ಲಿ ಮಾತಾಡದ ಎರಡು ಯಂತ್ರಗಳ ನಡುವೆ ಮಾತು ಬೆಳೆಸಿದವನು. ಈ ಸಂಗತಿಯನ್ನು ಶಹಾಬಜಾರದ ನಮ್ಮ ಓಣಿಯ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಸಲ ಹೇಳಿದ್ದೇನೆ. ಇಸ್ತ್ರಿಯವನು ಈಗ ಎಲ್ಲರಿಗಿಂತ ಮೊದಲು ನನ್ನ ಬಟ್ಟೆ ಮುಗಿಸಿ ಕಳಿಸಿಬಿಡುತ್ತಾನೆ. ಅದನ್ನು ನಾನು ಗೌರವವೆಂದೇ ತಿಳಿದಿದ್ದೇನೆ.

ನಮ್ಮ ಸಾಹುಕಾರರದು ಎರಡು ಘಟಕ. ಕಮಲಾಪುರದಲ್ಲಿ ತೊಗರಿಯನ್ನು ಸ್ವಚ್ಛ ಮಾಡಿ, ನೀರುಣಿಸಿ ಹದಗೊಳಿಸುತ್ತಾರೆ. ಅದು ಲಾರಿಯಲ್ಲಿ ಕೋಟನೂರಿನ ಹತ್ತಿರದ ನಮ್ಮ ಗಿರಣಿಗೆ ಬಂದು, ಒಣಗಿ, ಬೇಳೆಯಾಗುತ್ತದೆ. ಕಾಳಿನಲ್ಲಿ ತೇವ ಎಷ್ಟಿದೆಯೋ ನೋಡಿಕೊಂಡು ಇಲ್ಲಿ ಬಿಸಿ ಕೊಡಬೇಕು. ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಹೆಚ್ಚಾದರೆ ಬೇಳೆ ಒಡೆದು ನುಚ್ಚಾಗುತ್ತದೆ. ಎರಡೂ ಕಡೆಯ ಕಂಟ್ರೋಲ್ ಸಿಸ್ಟಮ್ ಬೇರೆ ಬೇರೆ ಕಂಪನಿಯವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಹತ್ತು ವರ್ಷದಿಂದ ಪ್ರತಿ ಲಾರಿ ಹೊರಟಾಗಲೂ ಕಮಲಾಪುರದ ಆಪರೇಟರ್ ಹಣಮಂತರಾಯ ಫೋನು ಮಾಡಿ ತೇವದ ಅಂಕಿ ಹೇಳುವುದು, ಇಲ್ಲಿಯ ಆಪರೇಟರ್ ಶರಣಬಸಪ್ಪ ಅದಕ್ಕೆ ತಕ್ಕಂತೆ ಬಿಸಿ ಇಡುವುದು. ಒಂದು ಅಂಕಿ ಹೇಳಲು ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಮೊಣಕಾಲು ನೋವು, ಮಗಳ ನಿಶ್ಚಯ, ಕಮಲಾಪುರದ ಕೆಂಪು ಬಾಳೆಹಣ್ಣು, ಎಲ್ಲ ಮುಗಿದ ಮೇಲೆ ತೇವದ ಪಾಳಿ.

ಇದನ್ನು ನೋಡಲಾರದೆ ನಾನು ಎರಡು ಸಿಸ್ಟಮ್‌ಗಳ ನಡುವೆ ದುಭಾಷಿಯಂತೆ ಕೆಲಸ ಮಾಡುವ ಪುಟ್ಟ ಡಬ್ಬಿಯೊಂದನ್ನು ಕೂರಿಸಿದೆ. ಅಲ್ಲಿಯ ಅಂಕಿ ಇಲ್ಲಿ ಕಾಣಬೇಕು, ಆದರೆ ಇಲ್ಲಿಂದ ಯಾರೂ ಅಲ್ಲಿಯ ಯಂತ್ರಕ್ಕೆ ಕೈ ಹಾಕಲಾಗಬಾರದು, ಹಾಗೆ ವ್ಯವಸ್ಥೆ ಮಾಡಿದೆ. ಮೊದಲ ದಿನ ನಮ್ಮ ಪರದೆಯ ಮೇಲೆ ಕಮಲಾಪುರದ ತೇವ ಹದಿಮೂರು ಎಂದು ಮೂಡಿತು. ನನ್ನ ಕಣ್ಣಲ್ಲಿ ನೀರು ಬಂತು. ಹೆರಿಗೆ ಆಸ್ಪತ್ರೆಯಲ್ಲೂ ಹಾಗಾಗಿರಲಿಲ್ಲ. ಇದನ್ನು ನನ್ನ ಹೆಂಡತಿಗೆ ಹೇಳಬೇಡಿ.

ಮರುದಿನದಿಂದ ಬರೀ ನುಚ್ಚು. ವೈರು ನೋಡಿದೆ, ತೇವ ಅಳೆಯುವ ಸೆನ್ಸರ್ ಬಿಚ್ಚಿದೆ, ಬಸ್ಸು ಹಿಡಿದು ಎರಡು ಸಲ ಕಮಲಾಪುರಕ್ಕೆ ಹೋಗಿ ಬಂದೆ. ಅಲ್ಲಿ ಹದಿಮೂರಿದ್ದರೆ ಇಲ್ಲಿಯೂ ಹದಿಮೂರೇ. ಮೂರನೆಯ ದಿನ ಸಾಹುಕಾರರು ನುಚ್ಚನ್ನು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು.

"ಫೋನ್ ಇದ್ದಾಗ ಬ್ಯಾಳಿ ಬರೋಬ್ಬರಿ ಬರ್ತಿತ್ತು. ನಾಳಿ ಸಂಜಿತನಾ ನೋಡ್ತೀನಿ. ಆಗ್ಲಿಲ್ಲಂದ್ರ ಆ ಡಬ್ಬಿ ಕಿತ್ತಿ ಮನಿಗೆ ಒಯ್ರಿ."

ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಓಣಿಯನ್ನು ಹೊಗುವುದೆಂದರೆ ಸಾಮಾನ್ಯವೆ? ಮರುದಿನ ಬೆಳಿಗ್ಗೆಯೇ ಕಂಟ್ರೋಲ್ ರೂಮಿಗೆ ಹೋಗಿ ಶರಣಬಸಪ್ಪನ ಹಿಂದೆ ನಿಂತೆ. ಪರದೆಯ ಮೇಲೆ ಹದಿಮೂರು ಬಂತು. ಆತ ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಓದಿ, ಹದಿನಾಲ್ಕಕ್ಕೆ ಇಡುವ ಬಿಸಿ ಇಟ್ಟ.

"ಯಾಕ್ರಿ ಶರಣಬಸಪ್ಪ, ಹದಿಮೂರೇ ಅದ ಅಲ್ಲ?"

"ಹಣಮಂತರಾಯ ಯಾವತ್ತೂ ಒಂದು ಕಮ್ಮೀನೇ ಹೇಳ್ತಾನ್ರಿ ಸರ. ನಾ ಒಂದು ಕೂಡಿಸ್ಕೋತೀನಿ."

"ಈಗ ಹಣಮಂತರಾಯ ಹೇಳ್ಲಾಕತ್ತಿಲ್ರಿ, ಯಂತ್ರ ಹೇಳ್ಲಾಕತ್ತದ."

ಆತ ನನ್ನನ್ನು ಕನಿಕರದಿಂದ ನೋಡಿದ. "ಆ ಯಂತ್ರನೂ ಕಮಲಾಪುರದ್ದೇ ಅಲ್ಲೇನ್ರಿ?"

ಹಣಮಂತರಾಯನಿಗೆ ಫೋನು ಹಚ್ಚಿದೆ. ಆತ ಸ್ವಲ್ಪವೂ ಮುಚ್ಚಿಡಲಿಲ್ಲ. "ನಮ್ಮ ಮಾಲು ಹಸಿ ಅಂತ ಕಲಬುರಗಿಯವರ ಕಡಿಂದ ಯಾಕ ಅನ್ನಿಸ್ಕೋಬೇಕ್ರಿ ಸರ? ಇಜ್ಜತ್ತಿನ ಮಾತು. ಒಂದು ಕಮ್ಮಿ ಹೇಳ್ತಿದ್ದೆ. ಅಂವಾ ಕೂಡಿಸ್ಕೋತಾನಂತ ಗೊತ್ತಿತ್ತು." ಹತ್ತು ವರ್ಷ ಒಬ್ಬ ಕಳೆದ, ಇನ್ನೊಬ್ಬ ಕೂಡಿಸಿದ, ಊರು ಒಳ್ಳೆಯ ಬೇಳೆ ಉಂಡಿತು. ನಡುವೆ ಹೋಗಿ ಸತ್ಯ ಹೇಳಿಸಿದವನು ನಾನು.

ಬಿಸಿಯನ್ನು ಹದಿಮೂರಕ್ಕೇ ಇರಿಸಿದೆವು. ಸಂಜೆ ಸಾಹುಕಾರರು ಬರುವ ಹೊತ್ತಿಗೆ ಒಂದೂ ಒಡೆಯದ ಹಳದಿ ಬೇಳೆ ರಾಶಿಬಿದ್ದಿತ್ತು. ಅವರು ಒಂದು ಹಿಡಿ ತೆಗೆದುಕೊಂಡು, ನೋಡಿ, ನನ್ನ ಬೆನ್ನು ತಟ್ಟಿದರು. ಆ ಬೆನ್ನು ಈಗಲೂ ಬೆಚ್ಚಗಿದೆ ಎಂದರೆ ನೀವು ನಂಬಬೇಕು. ನಡೆದದ್ದನ್ನು ಕೇಳಿ ಅವರು ಬಹಳ ಹೊತ್ತು ನಕ್ಕರು. ಆಮೇಲೆ, ನಮ್ಮ ಗೋದಾಮಿನ ಯಂತ್ರವನ್ನೂ ಇದಕ್ಕೆ ಜೋಡಿಸಲು ಎಷ್ಟು ದಿನ ಬೇಕೆಂದು ಕೇಳಿದರು.

"ಎಂಟು ದಿನ ಸಾಕ್ರಿ," ಎಂದೆ, ಎದೆಯುಬ್ಬಿಸಿ.

ಸಾಹುಕಾರರು ಶರಣಬಸಪ್ಪನ ಕಡೆ ತಿರುಗಿದರು. "ಇವರು ಎಂಟಂದ್ರ ನಾ ಎಷ್ಟು ಹಿಡೀಬೇಕು?"

"ಹದಿನೈದು ಹಿಡೀರಿ," ಎಂದ ಆತ, ಪರದೆಯಿಂದ ಕಣ್ಣು ತೆಗೆಯದೆ.

ಆ ಕೆಲಸವೂ ಅಚ್ಚುಕಟ್ಟಾಗಿ ಮುಗಿಯಿತು. ಹದಿನೈದನೆಯ ದಿನ.