ಹತ್ತು ಕಡ್ಡಿ, ಎರಡು ಮೂಗು

ಒಂದೇ ಪ್ರಶ್ನೆಗೆ ಯಾವಾಗ ಕೇಳಿದರೂ ಒಂದೇ ಉತ್ತರ ಕೊಡುವವರನ್ನು ಕಂಡರೆ ನನಗೆ ಹೊಟ್ಟೆಯುರಿ. ಅವರ ಮೆದುಳು ಕಚೇರಿಯ ರಬ್ಬರ್ ಸ್ಟಾಂಪಿನ ಹಾಗೆ, ಒತ್ತಿದಾಗಲೆಲ್ಲ ಅದೇ ಅಚ್ಚು. ನನ್ನದೋ, ಪ್ರತಿ ಸಲವೂ ಹೊಸದಾಗಿ ಸಭೆ ಸೇರಿ ತೀರ್ಮಾನ ಮಾಡುತ್ತದೆ. ಬೆಳಿಗ್ಗೆ ಇಂಪಾಗಿದ್ದ ಕಾರ್ಖಾನೆ ಸೈರನ್ನು ಸಂಜೆಗೆ ಕರ್ಕಶ. ಸೋಮವಾರ ಸಿಹಿಯಾಗಿದ್ದ ಕಾಫಿ ಮಂಗಳವಾರ ಸಪ್ಪೆ, ಸಕ್ಕರೆ ಅಷ್ಟೇ ಇದ್ದರೂ. ಈ ಚಂಚಲ ಮೆದುಳು ಒಮ್ಮೆ ನನ್ನ ಬಿಳಿ ಅಂಗಿಗೇ ಸಂಚಕಾರ ತಂದಿತ್ತು.

ಐವತ್ತರ ದಶಕದ ಮಾತು. ನಾವಿದ್ದ ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಾಗಡಿ ರಸ್ತೆ ಕಡೆಯ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಇದ್ದಿಲು ಪುಡಿ ಜರಡಿ ಹಿಡಿಸುವ ಮೇಸ್ತ್ರಿ ನಾನು. ಸಂಜೆ ನನ್ನ ಹೆಂಡತಿ ಜಯಮ್ಮ ಕಪ್ಪಾದ ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ, "ಬಿಳೀ ಬಟ್ಟೆ ಒಗೆಯೋ ಪುಣ್ಯ ಯಾವಾಗ ಬರುತ್ತೋ" ಅನ್ನುತ್ತಿದ್ದಳು. ಅಷ್ಟರಲ್ಲಿ ಪರಿಮಳ ಪರೀಕ್ಷಕರ ಕುರ್ಚಿ ಖಾಲಿಯಾಯಿತು. ಕಿಟಕಿ ಪಕ್ಕ ಕೂತು, ಹೊಸ ಸರಕಿನ ಕಡ್ಡಿ ಹಚ್ಚಿ ಮೂಸಿ, ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುವ ಸ್ವರ್ಗದಂಥ ಕೆಲಸ. ಪೈಪೋಟಿಗೆ ನಾನು ಮತ್ತು ಪ್ಯಾಕಿಂಗಿನ ರಂಗಪ್ಪ. ರಂಗಪ್ಪ ಬಲು ಗಂಭೀರ, ಕೈಯಲ್ಲಿ ಸದಾ ನಶ್ಯದ ಡಬ್ಬಿ.

ಯಜಮಾನರು ಒಂದೊಂದಾಗಿ ಹತ್ತು ಕಡ್ಡಿ ಹಚ್ಚಿಸಿದರು. ರಂಗಪ್ಪ ಕಣ್ಣು ಮುಚ್ಚಿ ಮೂಸಿ ಎಲ್ಲದಕ್ಕೂ "ಎಂಟು" ಅಂದ. ನಾನು ಮೂರು, ಒಂಬತ್ತು, ಐದು ಎಂದೆಲ್ಲ ಕೊಟ್ಟು, ಏಳನೆಯದಕ್ಕೆ "ಇದು ದೇವರಿಗೆ ಹಚ್ಚೋಕೇ ನಾಲಾಯಕ್ಕು ಸಾರ್" ಎಂದು ಭಾಷಣವನ್ನೂ ಬಿಗಿದೆ. ಯಜಮಾನರು ಹಣೆ ಚಚ್ಚಿಕೊಂಡರು.

"ಏನ್ರೀ ನೀವು! ಹತ್ತೂ ಒಂದೇ ಕಟ್ಟಿನದು ಕಣ್ರೀ!"

ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಕುರ್ಚಿ ರಂಗಪ್ಪನಿಗೆ ಎಂದಾಯಿತು. ಅವಮಾನಕ್ಕಿಂತ, ಜಯಮ್ಮನಿಗೆ ಏನು ಹೇಳಲಿ ಎಂಬ ಸಂಕಟವೇ ದೊಡ್ಡದಾಗಿತ್ತು.

ಅವಳು ನಗಲಿಲ್ಲ. ಹುಳಿ ಬಡಿಸುತ್ತಾ ಯೋಚಿಸಿದಳು. "ಹತ್ತಕ್ಕೂ ಎಂಟೇನಾ? ಪಕ್ಕದ್ಮನೆ ರಾಯರೂ ಹಾಗೇ ಕಣ್ರೀ. ನಾನು ಏನ್ ಕೊಟ್ರೂ 'ಬಲೇ ಚೆನ್ನಾಗಿದೆ' ಅಂತಾರೆ. ಉಪ್ಪು ಹಾಕೋದು ಮರೆತ ದಿನಾನೂ ಅಂದ್ರು! ಆ ರಂಗಪ್ಪನಿಗೆ ಒಂದು ಪೊರಕೆಕಡ್ಡಿ ಹಚ್ಚಿ ಮೂಸಿಸಿ ನೋಡೋಕೆ ಯಜಮಾನ್ರಿಗೆ ಹೇಳಿ."

ಎಂಥ ಬುದ್ಧಿ! ಸಂತೋಷ ತಡೆಯಲಾರದೆ, "ನಿನ್ನ ತಲೆಗೆ ನೂರಕ್ಕೆ ನೂರು ಕಣೇ. ಈ ಹುಳಿಗೆ ಮಾತ್ರ ನಾಲ್ಕು" ಅಂದೆ. ಅವಳು ಹುಳಿಯ ಪಾತ್ರೆಗೆ ಮುಚ್ಚಳ ಹಾಕಿ ಎತ್ತಿಟ್ಟಳು.

ಮರುದಿನ ಯಜಮಾನರನ್ನು ಕಾಡಿ ಬೇಡಿ ಒಪ್ಪಿಸಿದೆ. ರಂಗಪ್ಪ ಎಂದಿನಂತೆ ಕಣ್ಣು ಮುಚ್ಚಿದ. ಪೊರಕೆಕಡ್ಡಿ ಹೊಗೆಯಾಡಿತು. ನಿಂತಿದ್ದವರೆಲ್ಲ ಕೆಮ್ಮಿದರು. ರಂಗಪ್ಪ ನಿಧಾನವಾಗಿ ಉಸಿರೆಳೆದು, "ಎಂಟು" ಅಂದ.

ಕಣ್ಣು ಬಿಟ್ಟು ನೋಡಿದ ಮೇಲೆ ಪಾಪ, ಅವನೇ ಒಪ್ಪಿಕೊಂಡ. "ಹದಿನೈದು ವರ್ಷದ ನಶ್ಯ ಸಾರ್. ಮೂಗು ಯಾವತ್ತೋ ಹೊರಟೋಯ್ತು." ನನ್ನ ಸರದಿಗೆ ಯಜಮಾನರು ನನಗೆ ಕಣ್ಣು ಕಟ್ಟಿಸಿ, ಗಂಧದ ಕಡ್ಡಿಗಳ ನಡುವೆ ಪೊರಕೆಕಡ್ಡಿಯನ್ನು ಸೇರಿಸಿ ಮೂರು ಸಲ ಹಿಡಿದರು. ಗಂಧಕ್ಕೆ ಆರೂ ಕೊಟ್ಟೆ, ಹತ್ತೂ ಕೊಟ್ಟೆ. ಪೊರಕೆಗೆ ಮೂರು ಸಲವೂ ಸೊನ್ನೆ!

"ಹುಚ್ಚು ಮೂಗಾದ್ರೂ ಜೀವ ಇದೆ," ಅಂದರು ಯಜಮಾನರು. "ಒಂದೊಂದು ಸರಕನ್ನೂ ಮೂರು ದಿನ ಮೂಸಿ, ಸರಾಸರಿ ಬರೀರಿ. ಕುರ್ಚಿ ನಿಮ್ಮದು."

ಅಂದು ನಾನು ಮನೆಗೆ ನಡೆದು ಹೋದದ್ದಲ್ಲ, ಮೆರವಣಿಗೆ ಹೋದದ್ದು. ಮೂರು ದಿನದ ಸರಾಸರಿಯವರೆಗೂ ನಾನು ಒಪ್ಪಿಸಿದ್ದನ್ನೆಲ್ಲ ಕೇಳಿ, ಜಯಮ್ಮ ಪೆಟ್ಟಿಗೆಯಿಂದ ಮದುವೆಯ ಬಿಳಿ ಅಂಗಿ ತೆಗೆದು ಗೂಟಕ್ಕೆ ಹಾಕಿದಳು. ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟವನೇ ಕೂಗಿದೆ: "ಹುಳಿ ಅಂದ್ರೆ ಇದು ಕಣೇ! ಹತ್ತಕ್ಕೆ ಹತ್ತು!"

"ನಿನ್ನೇದೇ. ಬಿಸಿ ಮಾಡಿದ್ದು," ಅಂದಳು ಜಯಮ್ಮ. "ಇನ್ನೂ ಸ್ವಲ್ಪ ಉಳಿದಿದೆ. ನಾಳೇನೂ ಇದನ್ನೇ ಬಡಿಸ್ತೀನಿ, ಸರಾಸರಿ ಬರ್ಕೊಳ್ಳಿ."

ಮೂರನೆಯ ದಿನ, ಬಿಳಿ ಅಂಗಿಯ ತೋಳು ಮಡಚಿಕೊಂಡು, ಪರಿಮಳ ಪರೀಕ್ಷಕನಾದ ನಾನು ಅದೇ ಹುಳಿಯನ್ನು ಮಾರ್ಕು ಹಾಕದೆ ಉಂಡೆ.